ಆಫೀಸ್ ಕಾಮಿಡಿ ಯಾಕೆ ಹಳಸಲ್ಲ? ಸ್ಕ್ರ್ಯಾಂಟನ್‌ನಿಂದ ಕೆಂಗಲ್‌ವರೆಗೆ

(ಈ ವಾರದ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.)



ಇವತ್ತಿನ ವಿಷಯ ಕಾಮಿಡಿ. ಅದರಲ್ಲೂ ಕೆಲಸದ ಜಾಗದ ಕಾಮಿಡಿ. ಒಂದು ಆಫೀಸು, ಒಬ್ಬ ತಲೆ ತಿನ್ನೋ ಬಾಸ್, ನಾಲ್ಕು ಜನ ಸಹೋದ್ಯೋಗಿಗಳು, ಅಷ್ಟೇ. ಇಂಥ ಧಾರಾವಾಹಿ ನಿಂತು ಹೋಗಿ ಹತ್ತಿಪ್ಪತ್ತು ವರ್ಷ ಆದ್ರೂ ಜನ ಅದನ್ನ ಮತ್ತೆ ಮತ್ತೆ ನೋಡ್ತಾರೆ. ಮುಂದೆ ಏನಾಗುತ್ತೆ ಅಂತ ಗೊತ್ತು, ಡೈಲಾಗ್ ಬಾಯಿಪಾಠ, ಆದ್ರೂ ನೋಡ್ತಾರೆ. ಯಾಕೆ?

ಈ ಪ್ರಶ್ನೆಯನ್ನ ನನಗೆ ಮೊದಲು ಕೇಳಿದ್ದು ನಮ್ಮವ್ವ. ಅಲ್ಲಿಂದಲೇ ಶುರು ಮಾಡ್ತೀನಿ.

ಹುಳದ ಮನೆಯಲ್ಲಿ ಲ್ಯಾಪ್‌ಟಾಪ್

ನಮ್ಮೂರು ಕೆಂಗಲ್ ಪಕ್ಕ. ಬೆಂಗಳೂರು–ಮೈಸೂರು ಹಳೇ ರಸ್ತೆಯಲ್ಲಿ ರಾಮನಗರ ದಾಟಿ ಚನ್ನಪಟ್ಟಣ ಬರೋಕೆ ಮುಂಚೆ ಆಂಜನೇಯನ ಗುಡಿ ಸಿಗುತ್ತಲ್ಲ, ಅದೇ ಕೆಂಗಲ್. ಅಲ್ಲಿಂದ ಒಳಗೆ ಸ್ವಲ್ಪ ದೂರ ನಮ್ಮ ಹಳ್ಳಿ. ಮನೇಲಿ ರೇಷ್ಮೆ ಹುಳ ಸಾಕ್ತೀವಿ.

2020ರ ಲಾಕ್‌ಡೌನ್‌ನಲ್ಲಿ ನಾನು ಬೆಂಗಳೂರಿನ ಬಾಡಿಗೆ ರೂಮ್ ಖಾಲಿ ಮಾಡಿ ಊರಿಗೆ ಬಂದೆ. ಕಸ್ಟಮರ್ ಸಪೋರ್ಟ್ ಕೆಲಸ. ದಿನಕ್ಕೆ ಒಂಬತ್ತು ಗಂಟೆ ಹೆಡ್‌ಫೋನ್ ಹಾಕ್ಕೊಂಡು ಯಾರದೋ ರೀಫಂಡು, ಯಾರದೋ ಪಾಸ್‌ವರ್ಡು. ಮನೇಲಿ ನೆಟ್‌ವರ್ಕ್ ಸರಿಯಾಗಿ ಸಿಗೋದು ಒಂದೇ ಕಡೆ, ಹುಳದ ಮನೇಲಿ. ಹಾಗಾಗಿ ಹುಳದ ತಟ್ಟೆಗಳ ಪಕ್ಕ ಒಂದು ಮೂಲೇಲಿ ನನ್ನ ಆಫೀಸು ಶುರುವಾಯ್ತು.

ಹುಳ ಸಾಕಿರೋರಿಗೆ ಗೊತ್ತು, ಆ ರೂಮಿನ ರೂಲ್ಸೇ ಬೇರೆ. ಸೊಳ್ಳೆ ಬತ್ತಿ ಹಚ್ಚಂಗಿಲ್ಲ. ಸೆಂಟು ಹಾಕ್ಕೊಂಡು ಒಳಗೆ ಹೋಗಂಗಿಲ್ಲ. ಇನ್ನು ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಸೊಪ್ಪು ತಿನ್ನೋ ಶಬ್ದ ಇದೆಯಲ್ಲ, ಹೆಂಚಿನ ಮೇಲೆ ಮಳೆ ಹನಿ ಬಿದ್ದಂಗೆ ಇರುತ್ತೆ. ಒಬ್ಬ ಗ್ರಾಹಕರು ಫೋನಲ್ಲಿ ಕೇಳಿದ್ರು, 'ಸರ್, ನಿಮ್ಮ ಕಡೆ ಮಳೇನಾ?' ನಾನು ಹೌದು ಅಂದೆ. ಹುಳ ಅಂತ ಹೆಂಗೆ ಹೇಳೋದು?

ರಾತ್ರಿ ಶಿಫ್ಟ್ ಮುಗಿದ ಮೇಲೆ ಅಲ್ಲೇ ಕೂತು ಫೋನಲ್ಲಿ 'ದಿ ಆಫೀಸ್' ನೋಡ್ತಿದ್ದೆ. ಅಮೆರಿಕದ್ದು. ಮೂರನೇ ಸಲವೋ ನಾಲ್ಕನೇ ಸಲವೋ. ಅವ್ವ ರಾತ್ರಿ ಸೊಪ್ಪು ಹಾಕೋಕೆ ಬಂದವ್ರು ನಿಂತ್ಕಂಡು ಕೇಳಿದ್ರು: 'ಏನ್ಲಾ, ದಿನಗಟ್ಲೆ ಆಪೀಸು ಆಪೀಸು ಅಂತ ಬೈಕತೀಯ, ರಾತ್ರಿ ಕೂತ್ಕಂಡು ಅದೇ ಆಪೀಸು ನೋಡ್ತೀಯಲ್ಲ?'

ನನ್ನ ಹತ್ರ ಉತ್ತರ ಇರಲಿಲ್ಲ. ಈ ಸಂಚಿಕೆ ಅವತ್ತಿನ ಉತ್ತರ, ಸ್ವಲ್ಪ ತಡವಾಗಿ.

ಒಂದು ಲಕ್ಷ ವರ್ಷದ ನಗು

ಮೊದಲು ಸ್ವಲ್ಪ ಮಾಹಿತಿ. 'ದಿ ಆಫೀಸ್' ಮೂಲದಲ್ಲಿ ಅಮೆರಿಕದ್ದಲ್ಲ, ಇಂಗ್ಲೆಂಡಿನದ್ದು. ರಿಕಿ ಜರ್ವೈಸ್ ಮತ್ತು ಸ್ಟೀಫನ್ ಮರ್ಚೆಂಟ್ ಸೇರಿ ಬರೆದದ್ದು, 2001ರ ಜುಲೈನಲ್ಲಿ ಬಿಬಿಸಿ 2ರಲ್ಲಿ ಶುರುವಾಯ್ತು. ಸ್ಲೌ ಅನ್ನೋ ಊರಿನ ಪೇಪರ್ ಮಾರೋ ಕಂಪನಿಯೊಂದರ ಕಥೆ. ಅದನ್ನ 2005ರಲ್ಲಿ ಅಮೆರಿಕದ ಎನ್‌ಬಿಸಿ ತನ್ನ ಊರಿಗೆ ಒಗ್ಗಿಸ್ಕೊಳ್ತು. ಸ್ಲೌ ಹೋಗಿ ಸ್ಕ್ರ್ಯಾಂಟನ್ ಆಯ್ತು, ಬಾಸ್ ಪಾತ್ರಕ್ಕೆ ಸ್ಟೀವ್ ಕರೆಲ್ ಬಂದ್ರು. ಒಂಬತ್ತು ಸೀಸನ್, 201 ಎಪಿಸೋಡ್. 2013ರ ಮೇ ತಿಂಗಳಲ್ಲಿ ಮುಗೀತು.

ಈಗ ಕೇಳಿ. ಮುಗಿದು ಏಳು ವರ್ಷ ಆದ ಮೇಲೆ, ಅಂದ್ರೆ 2020ರಲ್ಲಿ, ಅಮೆರಿಕದಲ್ಲಿ ಸ್ಟ್ರೀಮಿಂಗ್‌ನಲ್ಲಿ ಅತಿ ಹೆಚ್ಚು ಹೊತ್ತು ನೋಡಿದ ಧಾರಾವಾಹಿ ಇದೇ. ನೀಲ್ಸನ್ ಸಂಸ್ಥೆಯ ಲೆಕ್ಕದಲ್ಲಿ 5,700 ಕೋಟಿ ನಿಮಿಷಕ್ಕೂ ಜಾಸ್ತಿ. ನಾನು ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿದೆ. ಒಬ್ಬನೇ ಮನುಷ್ಯ ಕೂತು ನೋಡಿದ್ರೆ ಒಂದು ಲಕ್ಷ ವರ್ಷ ದಾಟುತ್ತೆ.

ಗಮನಿಸಿ, ಅದು ಯಾವ ವರ್ಷ? ಆಫೀಸುಗಳೆಲ್ಲ ಬಾಗಿಲು ಹಾಕಿದ್ದ ವರ್ಷ. ಯಾರೂ ಆಫೀಸಿಗೆ ಹೋಗದೇ ಇದ್ದ ವರ್ಷ ಜನ ಹೆಚ್ಚು ನೋಡಿದ್ದು ಆಫೀಸನ್ನೇ. ಅವ್ವನ ಪ್ರಶ್ನೆ ನನ್ನೊಬ್ಬನದ್ದಲ್ಲ ಅಂತ ಆಯ್ತು.

ಇದು ಕೆಲಸ ಮಾಡೋದು ಹೆಂಗೆ?

ನನಗೆ ಕಾಣೋ ಕಾರಣ ನಾಲ್ಕು.

ಒಂದು, ಅಲ್ಲಿರೋರು ಯಾರೂ ಒಬ್ಬರನ್ನೊಬ್ಬರು ಆರಿಸ್ಕೊಂಡು ಬಂದವರಲ್ಲ. ಫ್ರೆಂಡ್ಸನ್ನ ನಾವು ಆರಿಸ್ಕೋತೀವಿ. ಪಕ್ಕದ ಕುರ್ಚೀಲಿ ಕೂರೋನನ್ನ ಎಚ್‌ಆರ್ ಆರಿಸುತ್ತೆ. ಸಂಬಂಧಿಕರ ಹತ್ರ ಮುನಿಸ್ಕೊಂಡು ವರ್ಷಗಟ್ಟಲೆ ಮಾತು ಬಿಡಬಹುದು, ಆದ್ರೆ ಪಕ್ಕದ ಕುರ್ಚಿಯವನ ಹತ್ರ ನಾಳೆ ಬೆಳಗ್ಗೆ ಸ್ಟೇಪ್ಲರ್ ಕೇಳಲೇಬೇಕು. ಈ ತಪ್ಪಿಸ್ಕೊಳ್ಳೋಕಾಗದ ಸ್ಥಿತಿಯೇ ನಗು ಹುಟ್ಟೋ ಜಾಗ. ನಿಧಾನಕ್ಕೆ ಅದೇ ಜನ ನಮ್ಮವರು ಅನ್ನಿಸ್ತಾರಲ್ಲ, ಅದು ಪ್ರೀತಿ ಹುಟ್ಟೋ ಜಾಗ.

ಎರಡು, ಮೇಲೆ ಕೂತವನು ದಡ್ಡ. ಮೈಕಲ್ ಸ್ಕಾಟ್ ಕೆಟ್ಟವನಲ್ಲ. ಎಲ್ಲರೂ ತನ್ನನ್ನ ಇಷ್ಟಪಡಬೇಕು ಅಂತ ಒದ್ದಾಡೋ ಮನುಷ್ಯ. ಒಳ್ಳೇ ಸೇಲ್ಸ್‌ಮನ್ ಆಗಿದ್ದವನನ್ನ ಮ್ಯಾನೇಜರ್ ಮಾಡಿದ್ದಾರೆ, ಆ ಕೆಲಸ ಅವನಿಗೆ ಬರಲ್ಲ. ಇಂಥವನ ಕೈಕೆಳಗೆ ನಾವೆಲ್ಲ ದುಡಿದಿದ್ದೀವಿ. ನಿಜವಾದ ಆಫೀಸಲ್ಲಿ ಅವನ ಮುಂದೆ ನಗೋಕಾಗಲ್ಲ. ಇಲ್ಲಿ ಆಗುತ್ತೆ.

ಮೂರು, ಕ್ಯಾಮೆರಾ. ಇದನ್ನ ಸಾಕ್ಷ್ಯಚಿತ್ರದ ಥರ ತೆಗೆದಿದ್ದಾರೆ. ಬಾಸ್ ಏನೋ ಎಡವಟ್ಟು ಮಾತಾಡ್ತಾನೆ, ಜಿಮ್ ಮೆಲ್ಲಗೆ ತಿರುಗಿ ಕ್ಯಾಮೆರಾ ನೋಡ್ತಾನೆ. ಅವನು ನೋಡೋದು ನಮ್ಮನ್ನ. ಮೀಟಿಂಗಲ್ಲಿ ಎದುರಿಗೆ ಕೂತ ಸ್ನೇಹಿತನ ಕಡೆ ಕಣ್ಣು ಹಾಯಿಸ್ತೀವಲ್ಲ, ಅದೇ ನೋಟ. ಆ ಒಂದು ಸೆಕೆಂಡ್ ಆ ಆಫೀಸಲ್ಲಿ ನಮಗೂ ಒಂದು ಕುರ್ಚಿ ಸಿಗುತ್ತೆ.

ನಾಲ್ಕು, ಹಿಂದೆ ಒಂದು ಭಯ ಇದೆ. ಇದನ್ನ ಜನ ಮರೀತಾರೆ. ಇಂಗ್ಲೆಂಡಿನದ್ದಾಗಲಿ ಅಮೆರಿಕದ್ದಾಗಲಿ, ಮೊದಲ ಎಪಿಸೋಡಲ್ಲೇ ಬರೋ ಸುದ್ದಿ ಏನು ಗೊತ್ತಾ? ಬ್ರಾಂಚ್ ಮುಚ್ಚಬಹುದು, ಜನರನ್ನ ತೆಗೀಬಹುದು. ಕಂಪ್ಯೂಟರ್ ಬಂದ ಮೇಲೂ ಪೇಪರ್ ಮಾರ್ತಾ ಕೂತಿರೋ ಕಂಪನಿ ಅದು. ಮುಳುಗೋ ದೋಣೀಲಿ ಕೂತ ಜನ ತಮಾಷೆ ಮಾಡ್ತಾ ಇರ್ತಾರೆ. ಅದಕ್ಕೇ ಆ ತಮಾಷೆ ಹಗುರ ಅನ್ನಿಸಲ್ಲ.

ಇನ್ನು ಮತ್ತೆ ಮತ್ತೆ ನೋಡೋ ವಿಚಾರ. ಅಳೋ ಧಾರಾವಾಹಿಯಲ್ಲಿ ಶುಕ್ರವಾರ ಒಂದು ಬಾಂಬ್ ಹಾಕಿ, ಸೋಮವಾರದವರೆಗೆ ಕಾಯಿಸ್ತಾರೆ. ಗುಟ್ಟು ಗೊತ್ತಾದ ಮೇಲೆ ಮತ್ತೆ ನೋಡೋಕೆ ಅಲ್ಲಿ ಏನೂ ಇರಲ್ಲ. ಕೆಲಸದ ಜಾಗದ ಕಾಮಿಡೀಲಿ ಗುಟ್ಟೇ ಇಲ್ಲ. ಇವತ್ತಿನ ರಗಳೆ ಇವತ್ತೇ ಮುಗಿಯುತ್ತೆ, ನಾಳೆ ಅದೇ ಟೇಬಲ್ಲು, ಅದೇ ಮುಖ. ಎಲ್ಲಿಂದ ಬೇಕಾದ್ರೂ ನೋಡಬಹುದು, ಕಿವೀಲಿ ಹಾಕ್ಕೊಂಡು ಕೈಯಲ್ಲಿ ಬೇರೆ ಕೆಲಸ ಮಾಡಬಹುದು.

ನಮ್ಮಲ್ಲಿ ಆಫೀಸು ಎಲ್ಲಿತ್ತು?

ಇಷ್ಟೆಲ್ಲ ನಾನು ಅವ್ವನಿಗೆ ವಿವರಿಸಿದೆ. ಅವ್ವ ಅರ್ಧ ಕೇಳಿಸ್ಕಂಡು ಹೇಳಿದ್ರು: 'ನಮ್ಮ ವಿಠಲ್ ರಾವ್ ಇದ್ನಲ್ಲ, ಅವ್ನ್ಗಿಂತ ಇವ್ನೇನ್ ಹೆಚ್ಚು? ಅದ್ನ ಹಾಕು.'

ಡಾ. ವಿಠಲ್ ರಾವ್. ಗೊತ್ತಿಲ್ಲದವರು ಅಪ್ಪ ಅಮ್ಮನ್ನ ಕೇಳಿ. ಎರಡು ಸಾವಿರದ ದಶಕದಲ್ಲಿ ಈಟಿವಿ ಕನ್ನಡದಲ್ಲಿ, ಅಂದ್ರೆ 2015ರಲ್ಲಿ ಕಲರ್ಸ್ ಕನ್ನಡ ಅಂತ ಹೆಸರು ಬದಲಾದ ಚಾನೆಲ್‌ನಲ್ಲಿ, 'ಸಿಲ್ಲಿ ಲಲ್ಲಿ' ಬರ್ತಿತ್ತು. ನಿರ್ದೇಶಕರು ವಿಜಯಪ್ರಸಾದ್, ಮುಂದೆ 'ಸಿದ್ಲಿಂಗು', 'ನೀರ್ ದೋಸೆ' ಸಿನಿಮಾ ಮಾಡಿದವರು. ವಿಠಲ್ ರಾವ್ ಪಾತ್ರ ರವಿಶಂಕರ್ ಗೌಡ ಅವರದ್ದು. ಸರ್ಜರಿಗೆ ಭರ್ಜರಿ ಅಂತ ಪ್ರಾಸ ಸೇರಿಸಿ ತನ್ನನ್ನ ತಾನೇ ಹೊಗಳ್ಕೊಳ್ಳೋ ಡಾಕ್ಟರು. ಸಮಾಜ ಸೇವಕಿ ಲಲಿತಾಂಬನಾಗಿ ಮಂಜುಭಾಷಿಣಿ. ಇವತ್ತಿಗೂ ಮಂಜುಭಾಷಿಣಿ ಅವರ ಬಗ್ಗೆ ಸುದ್ದಿ ಬರೆದ್ರೆ 'ಲಲಿತಾಂಬ' ಅನ್ನೋ ಹೆಸರು ಜೊತೆಗೇ ಬರುತ್ತೆ.

ಅದೇ ಚಾನೆಲ್‌ನ ಇನ್ನೊಂದು ಜನಪ್ರಿಯ ಕಾಮಿಡಿ 'ಪಾಪ ಪಾಂಡು', ಸಿಹಿಕಹಿ ಚಂದ್ರು ಅವರದ್ದು. ಪಾಂಡುವಾಗಿ ಚಿದಾನಂದ್, ಶ್ರೀಮತಿಯಾಗಿ ಶಾಲಿನಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಆದ ಮೇಲೆ, 2018ರಲ್ಲಿ, ಅದೇ ಜೋಡಿ ಇಟ್ಕೊಂಡು ಕಲರ್ಸ್ ಸೂಪರ್ ಅದನ್ನ ಮತ್ತೆ ಶುರು ಮಾಡ್ತು ಅಂದ್ರೆ ಜನರ ನೆನಪು ಎಷ್ಟು ಗಟ್ಟಿ ಅಂತ ಲೆಕ್ಕ ಹಾಕಿ.

ಯೂಟ್ಯೂಬಲ್ಲಿ 'ಸಿಲ್ಲಿ ಲಲ್ಲಿ' ತುಣುಕು ಹಾಕಿದೆ. ಅವ್ವ ಹುಳಕ್ಕೆ ಸೊಪ್ಪು ಹರಡ್ತಾ ಕೇಳಿಸ್ಕೊಳ್ತಿದ್ರು, ಪರದೆ ಕಡೆ ತಿರುಗಿ ನೋಡ್ತಾನೂ ಇರಲಿಲ್ಲ. ಎಲ್ಲಿ ನಗಬೇಕು ಅಂತ ಅವರಿಗೆ ಮೊದಲೇ ಗೊತ್ತಿತ್ತು.

ಆಗ ನನಗೆ ಒಂದು ವಿಷಯ ಹೊಳೀತು. ಅಮೆರಿಕದ ಆಫೀಸಲ್ಲಿ ಮನೆ ಕಾಣೋದು ಅಪರೂಪ. ಜನ ಕಾರಲ್ಲಿ ಬರ್ತಾರೆ, ಸಂಜೆ ಹೋಗ್ತಾರೆ. ಕೆಲಸ ಒಂದು ಕಡೆ, ಬದುಕು ಇನ್ನೊಂದು ಕಡೆ. ವಿಠಲ್ ರಾವ್ ಲೋಕದಲ್ಲಿ ಹಂಗಿಲ್ಲ. ಡಾಕ್ಟರಿಕೆ, ಸಂಸಾರ, ಲಲಿತಾಂಬನ ಸಮಾಜ ಸೇವೆ ಎಲ್ಲ ಒಂದರೊಳಗೊಂದು ಕಲಸಿ ಹೋಗಿವೆ. ಪೇಷೆಂಟ್ ಬಂದ್ರೂ ಜಗಳ ನಿಲ್ಲಲ್ಲ. ಡಾಕ್ಟರ್ ಅನ್ನೋ ದೊಡ್ಡಸ್ತಿಕೆಗೆ ಮನೆಯವರೇ ದಿನಾ ಸೂಜಿ ಚುಚ್ತಾರೆ.

ಇದು ಸೆಟ್ ಹಾಕೋ ದುಡ್ಡು ಉಳಿಸೋಕೆ ಮಾಡಿದ್ದು ಅಂತ ನೀವು ಅನ್ನಬಹುದು. ಇರಬಹುದು. ಆದ್ರೆ ನಮ್ಮ ಕಡೆಯವರಿಗೆ ಅದು ಥಟ್ಟನೆ ಹಿಡಿಸಿದ್ದಕ್ಕೆ ಬೇರೆ ಕಾರಣ ಇದೆ. ನಮ್ಮಲ್ಲಿ ಕೆಲಸದ ಜಾಗ ಮನೆಯಿಂದ ಯಾವತ್ತು ಆಚೆ ಹೋಗಿತ್ತು?

ಚನ್ನಪಟ್ಟಣದ ಬೊಂಬೆ ಮಾಡೋರ ಬೀದಿಗೆ ಹೋಗಿ. ಎಷ್ಟೋ ಮನೆಗಳಲ್ಲಿ ಮುಂದಿನ ಕೋಣೇಲೇ ಲೇತ್ ಮಿಷನ್. ಆಲೆ ಮರದ ತುಂಡು ತಿರುಗ್ತಿರುತ್ತೆ, ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದ್ರೆ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ. ಮರದ ಹೊಟ್ಟು ಅಡುಗೆ ಮನೇವರೆಗೂ ಹಾರುತ್ತೆ. ಗಂಡ ಕಡೆದದ್ದನ್ನ ಹೆಂಡತಿ ಎಣಿಸಿ ಡಬ್ಬಕ್ಕೆ ತುಂಬ್ತಾರೆ. ಅಲ್ಲಿ ಬಾಸ್ ಯಾರು, ಹೆಂಡತಿ ಯಾರು?

ಹುಳದ ಮನೆಯೂ ಅಷ್ಟೇ. ಮೊಟ್ಟೆ ಒಡೆದು ಹುಳ ಬಂದಾಗಿಂದ ಗೂಡು ಕಟ್ಟೋವರೆಗೆ ಹೆಚ್ಚು ಕಮ್ಮಿ 25 ದಿನ. ಅಷ್ಟೂ ದಿನ ಮನೆಯ ಒಳ್ಳೇ ಕೋಣೆ ಹುಳಕ್ಕೆ, ಜನ ಜಗಲೀಲಿ. ಹುಳ ಹಣ್ಣಾದ ರಾತ್ರಿ ಮನೆ ಮಂದಿಯೆಲ್ಲ ಕೂತು ಒಂದೊಂದೇ ಆರಿಸಿ ಚಂದ್ರಿಕೆಗೆ ಬಿಡಬೇಕು. ಆ ರಾತ್ರಿ ನಡೆಯೋ ಮಾತು, ಕೀಟಲೆ, ಬೈಗುಳ ಯಾವ ಕಾಮಿಡಿಗೂ ಕಮ್ಮಿ ಇಲ್ಲ. ನಮ್ಮಪ್ಪ ಹುಳ ಎಣಿಸ್ತೀನಿ ಅಂತ ಕೂತು ತೂಕಡಿಸೋದು, ಅತ್ತೆ ಅವರನ್ನ ಅಣಕಿಸೋದು, ಪ್ರತೀ ಬೆಳೆಗೂ ಅದೇ ಸೀನು, ಪ್ರತೀ ಸಲವೂ ನಗು.

2020ರಲ್ಲಿ ಜಗತ್ತೆಲ್ಲ ವರ್ಕ್ ಫ್ರಂ ಹೋಮ್ ಅಂತ ಹೊಸದೇನೋ ಕಂಡುಹಿಡಿದಂಗೆ ಮಾತಾಡ್ತಿತ್ತು. ಕೆಂಗಲ್ ಸುತ್ತಮುತ್ತ ತಲೆತಲಾಂತರದಿಂದ ನಡೀತಿದ್ದದ್ದೇ ಅದು. ಒಂದೇ ವ್ಯತ್ಯಾಸ: ಹುಳದ ಕೆಲಸಕ್ಕೆ ಹತ್ತು ಕೈ ಬೇಕು. ನನ್ನ ಕೆಲಸಕ್ಕೆ ಒಂದೇ ಹೆಡ್‌ಫೋನ್ ಸಾಕು.

ದೇವರ ಕೆಲಸ, ಟೇಬಲ್ಲಿನ ಆಚೆ ಈಚೆ

ಕೆಂಗಲ್ ಅಂದ ಮೇಲೆ ಇನ್ನೊಂದು ಮಾತು ಹೇಳಲೇಬೇಕು. ಕರ್ನಾಟಕದಲ್ಲಿ ಕೆಲಸದ ಬಗ್ಗೆ ಅತಿ ಹೆಚ್ಚು ಜೋಕ್ ಆಗಿರೋ ಸಾಲು ಯಾವುದು? 'ಸರ್ಕಾರದ ಕೆಲಸ ದೇವರ ಕೆಲಸ'. ವಿಧಾನಸೌಧದ ಮುಂಭಾಗದಲ್ಲಿ ಕೆತ್ತಿರೋದು. ಆ ಕಟ್ಟಡವನ್ನ ಇವತ್ತಿನ ರೂಪದಲ್ಲಿ ಕಟ್ಟಿಸಿದ್ದು ಕೆಂಗಲ್ ಹನುಮಂತಯ್ಯ, ರಾಮನಗರ ಸೀಮೆಯವರು, 1952ರಿಂದ 1956ರವರೆಗೆ ಮುಖ್ಯಮಂತ್ರಿ. ನಮ್ಮೂರ ಹೆಸರು ಅವರ ಹೆಸರಿನ ಮುಂದೆ ಇದೆ.

ಅವರು ಆ ಸಾಲನ್ನ ಮನಸಾರೆ ಹಾಕಿಸಿದ್ದು. ಆದ್ರೆ ತಾಲ್ಲೂಕು ಆಫೀಸಲ್ಲಿ 'ಸಾಹೇಬ್ರು ಇಲ್ಲ, ನಾಳೆ ಬನ್ನಿ' ಅಂತ ಹತ್ತು ಸಲ ಅನ್ನಿಸ್ಕೊಂಡವರು ಅದನ್ನ ಬೇರೆ ಥರ ಓದಿಕೊಂಡ್ರು: ದೇವರ ಕೆಲಸ, ಅಂದ್ರೆ ದೇವರೇ ಮಾಡಬೇಕು. ಆ ಮಾತಿನ ಹೆಸರಲ್ಲೇ ಒಂದು ಕನ್ನಡ ಸಿನಿಮಾ ಬಂತು, 'ಸರ್ಕಾರಿ ಕೆಲಸ ದೇವರ ಕೆಲಸ' ಅಂತ. ಅದರ ನಾಯಕ ಯಾರು ಅಂತೀರಿ? ನಮ್ಮ ವಿಠಲ್ ರಾವ್, ರವಿಶಂಕರ್ ಗೌಡ.

ಹಿಂದಿಯಲ್ಲಿ 2001ರಲ್ಲಿ ಸಬ್ ಟಿವಿಯಲ್ಲಿ ಶುರುವಾದ 'ಆಫೀಸ್ ಆಫೀಸ್' ಕೂಡ ಇದೇ ಜಾತಿ. ಪಂಕಜ್ ಕಪೂರ್ ಅವರ ಮುಸದ್ದಿಲಾಲ್ ಒಂದೊಂದು ವಾರ ಒಂದೊಂದು ಆಫೀಸಿಗೆ ಅಲೀತಾನೆ. ಅಲ್ಲಿ ಕ್ಯಾಮೆರಾ ಇರೋದು ಟೇಬಲ್ಲಿನ ಈಚೆ, ಕ್ಯೂನಲ್ಲಿ ನಿಂತವನ ಜೊತೆ. ಮೈಕಲ್ ಸ್ಕಾಟ್ ಕಥೇಲಿ ಕ್ಯಾಮೆರಾ ಟೇಬಲ್ಲಿನ ಆಚೆ. ನಾವು ಬಾಸ್ ನೋಡಿ ನಗೋದಕ್ಕಿಂತ ಮೊದಲು ಗುಮಾಸ್ತರನ್ನ ನೋಡಿ ನಗೋಕೆ ಕಲಿತವರು. ಯಾಕಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಆಫೀಸು ಅಂದ್ರೆ ಕೂರೋ ಜಾಗ ಅಲ್ಲ, ಕಾಯೋ ಜಾಗ.

ಕಾಮಿಡಿ ತೋರಿಸದೇ ಇರೋದು

ಇಲ್ಲಿಗೆ ನಿಲ್ಲಿಸಿದ್ರೆ ಇದು ಬರೀ ಹೊಗಳಿಕೆ ಆಗುತ್ತೆ.

ಈ ಕಾಮಿಡಿಗಳು ಒಂದು ಸುಳ್ಳು ಹೇಳ್ತವೆ. ಎಷ್ಟೇ ಎಡವಟ್ಟು ಮಾಡಿದ್ರೂ ಮುಂದಿನ ಎಪಿಸೋಡಲ್ಲಿ ನಿಮ್ಮ ಕುರ್ಚಿ ಅಲ್ಲೇ ಇರುತ್ತೆ ಅನ್ನೋ ಸುಳ್ಳು. ಸಂಬಳ ಸಾಲ್ತಾ ಇಲ್ಲ ಅನ್ನೋದು ಒಂದು ಜೋಕಲ್ಲಿ ಮುಗಿದು ಹೋಗುತ್ತೆ. ಹೆಂಡತಿ ಬೈಯೋದು, ಗಂಡ ಹೆದರೋದು ಅನ್ನೋ ನಮ್ಮ ಹಳೇ ಜೋಕುಗಳಲ್ಲಿ ಮನೆ ಕೆಲಸ ಯಾರು ಮಾಡ್ತಾರೆ ಅನ್ನೋ ಪ್ರಶ್ನೆ ಏಳೋದೇ ಕಮ್ಮಿ. ಇದನ್ನ ನಾನು ನಗ್ತಾ ನೋಡಿದ್ದೀನಿ, ಅವ್ವ ಸೊಪ್ಪು ಹಾಕ್ತಿದ್ರು, ನಾನು ಕೂತಿದ್ದೆ. ಆ ದೃಶ್ಯದಲ್ಲಿ ಜೋಕ್ ಆಗಿದ್ದು ನಾನು.

ಕುರ್ಚಿ ವಿಷಯ ನನಗೆ ಮುಂದಿನ ವರ್ಷ ಅರ್ಥವಾಯ್ತು. ಒಂದು ಮಂಗಳವಾರ ಮಧ್ಯಾಹ್ನ ವಿಡಿಯೋ ಕಾಲ್ ಬಂತು. ಏಳು ನಿಮಿಷ. ನಮ್ಮ ಇಡೀ ಟೀಮ್ ತೆಗೆದಿದ್ರು. ಕಾಲ್ ಕಟ್ ಆದ ಕೂಡಲೇ ಮೇಲ್ ಐಡಿ ಬಂದ್. ಎರಡು ವರ್ಷ ಜೊತೆಗೆ ಕೆಲಸ ಮಾಡಿದ ಹುಡುಗಿ ಒಬ್ಬಳಿದ್ಲು, ನನ್ನ ಕಷ್ಟದ ಕಾಲ್‌ಗಳನ್ನ ತಾನು ತಗೋತಿದ್ಲು. ಅವಳ ಫೋನ್ ನಂಬರ್ ನನ್ನ ಹತ್ರ ಇರಲಿಲ್ಲ, ಆಫೀಸ್ ಚಾಟಲ್ಲೇ ಮಾತು. ಚಾಟೂ ಹೋಯ್ತು. ಒಂದು ಥ್ಯಾಂಕ್ಸ್ ಹೇಳೋಕೂ ಆಗಲಿಲ್ಲ.

ಅವತ್ತು ಅಳು ಬರಲಿಲ್ಲ. ಹುಳ ಹಣ್ಣಾಗಿದ್ವು, ಚಂದ್ರಿಕೆಗೆ ಬಿಡಬೇಕಿತ್ತು. ಎಲ್ಲರ ಜೊತೆ ನಾನೂ ಕೂತೆ. ಅಪ್ಪ ತೂಕಡಿಸಿದ್ರು, ಅತ್ತೆ ಅಣಕಿಸಿದ್ರು, ಎಲ್ಲ ನಕ್ಕರು. ಆಗ ಕಣ್ಣಲ್ಲಿ ನೀರು ಬಂತು. ಅವ್ವ ನೋಡಿ ನೋಡದಂಗೆ ಒಂದು ಮಾತು ಅಂದ್ರು: 'ಆ ಪೋನಿನ ಆಪೀಸಲ್ಲಿ ಯಾರೂ ಒಬ್ಬೊಬ್ರೇ ಇರಲ್ಲ ಕಣ್ಲಾ. ಅದ್ಕೇ ನೀನು ಅದ್ನ ನೋಡ್ತಿದ್ದಿದ್ದು.'

ನನ್ನ ನಾಲ್ಕು ಕಾರಣಗಳನ್ನ ಅವರು ಒಂದೇ ಮಾತಲ್ಲಿ ಮುಗಿಸಿದ್ರು. ಆಫೀಸ್ ಕಾಮಿಡಿ ಹಳಸದೇ ಇರೋದು ಆಫೀಸಿನ ಮೇಲಿನ ಪ್ರೀತಿಗಲ್ಲ. ಕೆಲಸ ಎಷ್ಟೇ ಸಪ್ಪೆ ಇದ್ರೂ ಅದನ್ನ ಜೊತೆಗೆ ಮಾಡೋರು ಇದ್ರೆ ದಿನ ಕಳೆಯುತ್ತೆ ಅನ್ನೋ ನಂಬಿಕೆಗೆ. ಆ ಜೊತೆ ಎಷ್ಟು ಕಮ್ಮಿ ಆಗುತ್ತೋ, ಅಷ್ಟು ನಾವು ಅದನ್ನ ಪರದೆ ಮೇಲೆ ಹುಡುಕ್ತೀವಿ. ಡೆಲಿವರಿ ಮಾಡೋ ನನ್ನ ಗೆಳೆಯನಿಗೆ ಬಾಸ್ ಅಂದ್ರೆ ಒಂದು ಆ್ಯಪ್. ಆ್ಯಪನ್ನ ಅಣಕಿಸೋಕೆ ಆಗಲ್ಲ, ಅದು ತೂಕಡಿಸಲ್ಲ.

ಕೊನೆಗೆ ಏನಾಯ್ತು?

ಕೆಲವು ತಿಂಗಳಾದ ಮೇಲೆ ಎರಡು ಕೆಲಸ ಸಿಕ್ವು. ಒಂದು ಪರ್ಮನೆಂಟ್ ವರ್ಕ್ ಫ್ರಂ ಹೋಮ್, ಸಂಬಳ ಜಾಸ್ತಿ. ಇನ್ನೊಂದು ಬಿಡದಿ ಕಡೆ ಒಂದು ಸಣ್ಣ ಕಂಪನಿಯ ಸ್ಟೋರ್ಸ್ ವಿಭಾಗ, ತಿಂಗಳಿಗೆ ನಾಲ್ಕು ಸಾವಿರ ಕಮ್ಮಿ. ಮನೇಲಿ ನಾಲ್ಕು ಸಾವಿರ ಅಂದ್ರೆ ಸಣ್ಣ ಮಾತಲ್ಲ, ಆ ವರ್ಷ ಗೂಡಿನ ರೇಟನ್ನೂ ನಂಬೋ ಹಾಗಿರಲಿಲ್ಲ. ಅಪ್ಪ ಮನೇಲಿರೋದೇ ವಾಸಿ ಅಂದ್ರು. ನಾನು ಬಿಡದಿಗೆ ಹೋದೆ.

ಸರಿ ಮಾಡಿದ್ನಾ ಅಂತ ತಿಂಗಳ ಕೊನೇಲಿ ಅನುಮಾನ ಬರುತ್ತೆ. ಬೆಳಗ್ಗೆ ಚನ್ನಪಟ್ಟಣದಲ್ಲಿ ಟ್ರೈನ್ ಹತ್ತೋವಾಗ ಬರಲ್ಲ. ನಮ್ಮ ಸ್ಟೋರ್ಸಲ್ಲಿ ಒಬ್ಬ ಸಾಹೇಬ್ರಿದ್ದಾರೆ, ಬೋಲ್ಟ್ ಎಣಿಸಿದ ಮೇಲೆ ಮತ್ತೆ ಎಣಿಸ್ತಾರೆ, ಆಮೇಲೆ ನಮ್ಮನ್ನೂ ಎಣಿಸ್ತಾರೆ. ಮೊನ್ನೆ ಹಂಗೆ ಎಣಿಸುವಾಗ ಎದುರಿಗೆ ನಿಂತಿದ್ದ ಹಿರಿಯರೊಬ್ಬರು ಮೆಲ್ಲಗೆ ನನ್ನ ಕಡೆ ನೋಡಿದ್ರು. ಅದೇ ಜಿಮ್ ನೋಟ. ಈ ಸಲ ನಾನೂ ವಾಪಸ್ ನೋಡಿದೆ. ಅವರ ನಂಬರ್ ಅವತ್ತೇ ಸೇವ್ ಮಾಡ್ಕೊಂಡೆ.

ನಿಮ್ಮ ಪಕ್ಕದ ಕುರ್ಚಿಯವರ ನಂಬರ್ ನಿಮ್ಮ ಹತ್ರ ಇದೆಯಾ? ಆಫೀಸ್ ಚಾಟಲ್ಲಿ ಅಲ್ಲ, ನಿಮ್ಮ ಫೋನಲ್ಲಿ. ಇಲ್ಲದಿದ್ರೆ ಇವತ್ತೇ ಕೇಳಿ.